ಉಸಿರಿನ ದುಡಿಮೆ: ಪುಣೆಯಲ್ಲಿ ವಪೆಯ ನೂರು ವರ್ಷ

ಪುಣೆ ನಗರದಲ್ಲೂ ಅದರ ಜಿಲ್ಲೆಯಲ್ಲೂ ಕಳೆದ ನೂರು ವರ್ಷಗಳಿಂದ ಉಸಿರಾಟವನ್ನು ಕುರಿತ ಎರಡು ಪರಂಪರೆಗಳು ಅಕ್ಕಪಕ್ಕದಲ್ಲಿ ಬೆಳೆದು ಬಂದಿವೆ. ಲೋಣಾವಳದ ಪ್ರಯೋಗಶಾಲೆಯಲ್ಲಿ ತೊಡಗಿ ನಗರದ ಯೋಗಶಾಲೆಗಳಿಗೆ ಹಬ್ಬಿದ ಒಂದು ಪರಂಪರೆ ಉಸಿರಿನ ಸ್ನಾಯುಗಳನ್ನು ದುಡಿಸಿ ಹದಗೊಳಿಸುವುದನ್ನು ಕಲಿಸಿತು. ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ನೆಲೆಯೂರಿದ ಇನ್ನೊಂದು ಪರಂಪರೆ ಉಸಿರಾಡಲಾರದ ರೋಗಿಯ ಆ ದುಡಿಮೆಯನ್ನು ಯಂತ್ರಕ್ಕೆ ವಹಿಸಿ ಜೀವ ಉಳಿಸಿತು. ಹೀಗೆ ವಹಿಸಿಕೊಟ್ಟ ದುಡಿಮೆಗೆ ಸ್ನಾಯು ಬೆಲೆ ತೆರುತ್ತದೆ, ಅದೂ ತಿಂಗಳುಗಳ ಮೇಲಲ್ಲ, ಒಂದೆರಡು ದಿನಗಳೊಳಗೇ ತೆರತೊಡಗುತ್ತದೆ ಎಂಬುದು ಮನುಷ್ಯರ ಮಟ್ಟಿಗೆ ವೈದ್ಯಶಾಸ್ತ್ರಕ್ಕೆ ಖಚಿತವಾದದ್ದು ತೀರ ಈಚೆಗೆ, 21ನೆಯ ಶತಮಾನದ ಮೊದಲ ದಶಕದಲ್ಲಿ. ಆ ತಿಳಿವಳಿಕೆ ಅಷ್ಟು ತಡವಾಗಿ ಬಂದುದಕ್ಕೆ ಕಾರಣಗಳಿವೆ. 2025ರ ಆರಂಭದಲ್ಲಿ ಸಿಂಹಗಡ ರಸ್ತೆಯ ಬಡಾವಣೆಗಳಲ್ಲಿ ಕಾಣಿಸಿಕೊಂಡ ನರರೋಗವು ಅದನ್ನು ಕಠಿಣವಾದ ಪರೀಕ್ಷೆಗೆ ಒಡ್ಡಿದ್ದರಿಂದ, ಈ ಇತಿಹಾಸವನ್ನು ಪುಣೆಯಲ್ಲಿ ನಿಂತು ನೋಡುವುದಕ್ಕೆ ಅರ್ಥವಿದೆ.

ಉಸಿರಾಟದ ಮುಖ್ಯ ಸ್ನಾಯು ವಪೆ. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ, ಮೇಲ್ಮುಖವಾಗಿ ಉಬ್ಬಿದ ಗುಮ್ಮಟದ ಆಕಾರದ ಈ ಹಾಳೆ ಪಕ್ಕೆಲುಬುಗಳಿಗೆ ಒತ್ತಿಕೊಂಡಿರುವ ಕಡೆ ಸುಮಾರು 2 ಮಿಲಿಮೀಟರ್ ದಪ್ಪವಿರುತ್ತದೆ, ಅಷ್ಟೇ. ಕತ್ತಿನ ಭಾಗದ ಬೆನ್ನುಹುರಿಯಿಂದ ಹೊರಟು ಎದೆಯೊಳಗೆ ಇಳಿದು ಬರುವ ಒಂದು ಜೊತೆ ನರಗಳ ಆಜ್ಞೆಗೆ ಅದು ಸಂಕುಚಿಸಿದಾಗ ಗುಮ್ಮಟ ಕೆಳಗಿಳಿಯುತ್ತದೆ, ಎದೆಗೂಡಿನ ಒಳಾವಕಾಶ ಹಿಗ್ಗುತ್ತದೆ, ಅಲ್ಲಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ತಗ್ಗಿ ಗಾಳಿ ತಾನಾಗಿ ಒಳನುಗ್ಗುತ್ತದೆ. ಉಸಿರು ಬಿಡುವಾಗ ಹೆಚ್ಚಿನ ಶ್ರಮವಿಲ್ಲ. ಹಿಗ್ಗಿದ ಶ್ವಾಸಕೋಶ ತನ್ನ ಸ್ಥಿತಿಸ್ಥಾಪಕ ಗುಣದಿಂದಲೇ ಕುಗ್ಗುತ್ತದೆ. ದಿನಕ್ಕೆ ಸುಮಾರು 20,000 ಬಾರಿ ನಡೆಯುವ ಈ ಕ್ರಿಯೆಯಲ್ಲಿ ವಪೆಗೆ ಬಿಡುವೆಂಬುದಿಲ್ಲ. ಕೈಕಾಲುಗಳ ಸ್ನಾಯುಗಳು ನಿದ್ದೆಯಲ್ಲಿ ಗಂಟೆಗಟ್ಟಲೆ ಸುಮ್ಮನಿರಬಲ್ಲವು, ಇದಾದರೋ ಹುಟ್ಟಿದ ಗಳಿಗೆಯಿಂದ ನಿಲ್ಲದೆ ದುಡಿಯುವ ಸ್ನಾಯು, ಮತ್ತು ನಿಲ್ಲದ ದುಡಿಮೆಗೆ ಒಗ್ಗಿದ ಸ್ನಾಯುವನ್ನು ನಿಲ್ಲಿಸಿದಾಗ ಏನಾಗುತ್ತದೆಂಬ ಪ್ರಶ್ನೆಯೇ ಇಲ್ಲಿನ ವಿಷಯದ ತಿರುಳು.

ಈ ಸ್ನಾಯುವಿನ ಚಲನೆಯನ್ನು ಉಪಕರಣಗಳಿಂದ ಪರೀಕ್ಷಿಸುವ ಗಂಭೀರ ಪ್ರಯತ್ನವೊಂದು ಪುಣೆ ಜಿಲ್ಲೆಯಲ್ಲಿ ನಡೆದದ್ದು ಆಸ್ಪತ್ರೆಯಲ್ಲಲ್ಲ, ಆಶ್ರಮದಲ್ಲಿ. ಜಗನ್ನಾಥ ಗಣೇಶ ಗುಣೆ ಎಂಬ ಹೆಸರಿನಿಂದ 1883ರಲ್ಲಿ ಗುಜರಾತಿನ ಡಭೋಯಿಯಲ್ಲಿ ಹುಟ್ಟಿ, ಮುಂದೆ ಸ್ವಾಮಿ ಕುವಲಯಾನಂದರೆಂದು ಪ್ರಸಿದ್ಧರಾದವರು 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಅದೇ ವರ್ಷ 'ಯೋಗ ಮೀಮಾಂಸಾ' ಎಂಬ ಪತ್ರಿಕೆಯನ್ನು ಆರಂಭಿಸಿದರು. ಹಠಯೋಗದ ಕ್ರಿಯೆಗಳ ಬಗ್ಗೆ ನಂಬಿಕೆಯಿಂದ ಹೇಳಿಬಂದ ಮಾತುಗಳನ್ನು ಕ್ಷಕಿರಣದ ಚಿತ್ರಗಳಿಂದಲೂ ಒತ್ತಡಮಾಪಕಗಳಿಂದಲೂ ಪರೀಕ್ಷೆಗೆ ಒಳಪಡಿಸಬೇಕೆಂಬುದು ಅವರ ಸಂಕಲ್ಪವಾಗಿತ್ತು. ಆ ಪತ್ರಿಕೆಯ ಮೊದಲ ಸಂಪುಟದಲ್ಲೇ ಉಡ್ಡಿಯಾನ ಮತ್ತು ನೌಲಿಗಳನ್ನು ಕುರಿತ ಕ್ಷಕಿರಣ ಪ್ರಯೋಗಗಳ ವರದಿಗಳು ಅಚ್ಚಾದವು. ನೌಲಿಯಲ್ಲಿ, ಅಂದರೆ ಹೊಟ್ಟೆಯ ಮುಂಭಾಗದ ಸ್ನಾಯುಗಳನ್ನು ಮಾತ್ರ ಕಂಬದಂತೆ ಎತ್ತಿ ನಿಲ್ಲಿಸುವ ಕ್ರಿಯೆಯಲ್ಲಿ, ದೊಡ್ಡ ಕರುಳಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯುವುದನ್ನು ಅಳೆದು ತೋರಿಸಿದ ಕುವಲಯಾನಂದರು ಆ ಭಾಗಶಃ ನಿರ್ವಾತಕ್ಕೆ ತಮ್ಮ ಗುರು ಮಾಧವದಾಸರ ಹೆಸರನ್ನಿಟ್ಟರು.

ಉಡ್ಡಿಯಾನ ಬಂಧದ ಯಾಂತ್ರಿಕತೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯ, ಏಕೆಂದರೆ ಮುಂದೆ ಬರುವ ಯಂತ್ರದ ಕಥೆಗೆ ಅದು ನೇರವಾದ ಎದುರುಪಕ್ಷ. ಸಾಧಕನು ಉಸಿರನ್ನು ಪೂರ್ತಿಯಾಗಿ ಹೊರಹಾಕಿ, ಗಂಟಲಿನ ದ್ವಾರವನ್ನು ಮುಚ್ಚಿ, ಗಾಳಿಯನ್ನು ಒಳಗೆ ಬಿಡದೆ ಪಕ್ಕೆಲುಬುಗಳನ್ನು ಮಾತ್ರ ಉಸಿರೆಳೆಯುವಾಗಿನಂತೆ ಹಿಗ್ಗಿಸುತ್ತಾನೆ. ಎದೆಯೊಳಗಿನ ಒತ್ತಡ ಕುಸಿಯುತ್ತದೆ, ಸಡಿಲವಾಗಿ ಬಿಟ್ಟ ವಪೆ ಮೇಲಕ್ಕೆ ಸೆಳೆಯಲ್ಪಡುತ್ತದೆ, ಹೊಟ್ಟೆ ಬೆನ್ನಿಗೆ ಅಂಟುತ್ತದೆ. ಇಲ್ಲಿ ವಪೆ ತನ್ನ ಪೂರ್ಣ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಯಂತ್ರದ ಉಸಿರಾಟದಲ್ಲಿ ಇದರ ವಿರುದ್ಧವಾದುದೇ ನಡೆಯುತ್ತದೆಂಬುದನ್ನು 1924ರಲ್ಲಿ ಯಾರೂ ಊಹಿಸುವಂತಿರಲಿಲ್ಲ, ಏಕೆಂದರೆ ಅಂಥ ಯಂತ್ರ ಆಗಿನ್ನೂ ಆಸ್ಪತ್ರೆಗಳಲ್ಲಿ ನೆಲೆಗೊಂಡಿರಲಿಲ್ಲ. ಲೋಣಾವಳಕ್ಕೆ ಬಂದು ಅಭ್ಯಾಸ ಮಾಡಿದ ಕೋವೂರ್ ಬೆಹನನ್ ಎಂಬ ಮನಶ್ಶಾಸ್ತ್ರಜ್ಞರು ಯೇಲ್ ವಿಶ್ವವಿದ್ಯಾಲಯದಲ್ಲಿ ತಮ್ಮ ಅಧ್ಯಯನವನ್ನು ಮುಂದುವರಿಸಿ 1937ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಪ್ರಾಣಾಯಾಮದ ಹೊತ್ತಿನಲ್ಲಿ ದೇಹದ ಆಮ್ಲಜನಕದ ಬಳಕೆ ಹೆಚ್ಚುತ್ತದೆಂದು ಅಳತೆಯ ಮೂಲಕ ತೋರಿಸಿದರು. ನಿಯಂತ್ರಿಸಿದ ಉಸಿರಾಟವೂ ಒಂದು ದುಡಿಮೆ ಎಂಬುದಕ್ಕೆ ಅದು ಸಾಕ್ಷಿ.

ಬೆಹನನ್ನರ ಪುಸ್ತಕ ಬಂದ ಅದೇ 1937ರಲ್ಲಿ ಕರ್ನಾಟಕದಿಂದ ಹದಿಹರೆಯದ ಯುವಕನೊಬ್ಬ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಯೋಗ ಕಲಿಸಲು ಬಂದನು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರಿನಲ್ಲಿ, ಜಗತ್ತನ್ನೇ ನಡುಗಿಸಿದ ಇನ್‌ಫ್ಲುಯೆಂಜಾ ಜ್ವರದ ನಡುವೆ ಹುಟ್ಟಿ, ಬಾಲ್ಯದಲ್ಲಿ ಮಲೇರಿಯ ಮತ್ತು ಕ್ಷಯಗಳಿಂದ ನವೆದು, ಮೈಸೂರಿನಲ್ಲಿ ತಮ್ಮ ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಕಲಿತ ಬಿ.ಕೆ.ಎಸ್. ಅಯ್ಯಂಗಾರರು ಮುಂದಿನ 77 ವರ್ಷ ಪುಣೆಯನ್ನೇ ಊರಾಗಿಸಿಕೊಂಡು 2014ರ ಆಗಸ್ಟ್ 20ರಂದು ಅಲ್ಲಿಯೇ ತೀರಿಕೊಂಡರು. 1975ರಲ್ಲಿ ಬಾಗಿಲು ತೆರೆದ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆಯಲ್ಲಿ ಅವರು ದಿಂಬು, ಹಗ್ಗ, ಮರದ ಹಲಗೆಗಳ ಆಸರೆಯಿಂದ ದುರ್ಬಲರ ಎದೆಗೂಡನ್ನೂ ಅರಳಿಸಿ, ಶ್ರಮವನ್ನು ಒಂದೊಂದೇ ಮೆಟ್ಟಿಲಾಗಿ ಏರಿಸುವ ಕ್ರಮವನ್ನು ರೂಪಿಸಿದರು. 1981ರಲ್ಲಿ ಪ್ರಾಣಾಯಾಮವನ್ನೇ ಕುರಿತ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಯೋಗಾಭ್ಯಾಸವು ಯಂತ್ರದಿಂದ ಸೊರಗಿದ ವಪೆಗೆ ಮದ್ದೆಂದು ಇದರಿಂದ ತೀರ್ಮಾನಿಸುವುದು ಸಲ್ಲದು, ಏಕೆಂದರೆ ಆರೋಗ್ಯವಂತನ ಸಾಧನೆಗೂ ಮಂಪರಿನಲ್ಲಿ ಮಲಗಿರುವ ರೋಗಿಯ ಸ್ಥಿತಿಗೂ ನಡುವಿನ ಅಂತರ ಬಹಳ ದೊಡ್ಡದು. ಆದರೆ ಉಸಿರಿನ ಸ್ನಾಯು ತರಬೇತಿಗೆ ಬಗ್ಗುವ ಸ್ನಾಯು ಎಂಬ ಅರಿವು ಆ ಊರಿನಲ್ಲಿ ಬಹಳ ಹಿಂದೆಯೇ ಇತ್ತೆಂಬುದು ನಿಜ.

ಯಂತ್ರದ ಕಥೆ ದೂರದ ನಗರಗಳಲ್ಲಿ ಆರಂಭವಾಗುತ್ತದೆ. 1928ರಲ್ಲಿ ಬಾಸ್ಟನ್ನಿನಲ್ಲಿ ಫಿಲಿಪ್ ಡ್ರಿಂಕರ್ ಮತ್ತು ಲೂಯಿಸ್ ಶಾ ಸಿದ್ಧಪಡಿಸಿದ ಕಬ್ಬಿಣದ ಶ್ವಾಸಕೋಶವು ರೋಗಿಯ ಕತ್ತಿನ ಕೆಳಗಿನ ದೇಹವನ್ನೆಲ್ಲ ಒಂದು ಮುಚ್ಚಿದ ಪೀಪಾಯಿಯೊಳಗೆ ಇರಿಸಿ, ಅದರೊಳಗಿನ ಗಾಳಿಯ ಒತ್ತಡವನ್ನು ತಗ್ಗಿಸಿ ಎದೆಯನ್ನು ಹಿಗ್ಗಿಸುತ್ತಿತ್ತು. ಪೋಲಿಯೊದಿಂದ ಉಸಿರಾಟದ ಸ್ನಾಯುಗಳು ಬಿದ್ದುಹೋದವರಿಗೆ ಅದೇ ಆಧಾರವಾಯಿತು. 1938ರಿಂದ ಬ್ರಿಟನ್ನಿನ ಮೋಟಾರು ಉದ್ಯಮಿ ಲಾರ್ಡ್ ನಫೀಲ್ಡ್, ಆಸ್ಟ್ರೇಲಿಯದ ಎಡ್ವರ್ಡ್ ಬೋತ್ ಪ್ಲೈವುಡ್ಡಿನಲ್ಲಿ ರೂಪಿಸಿದ ಅಗ್ಗದ ಮಾದರಿಯನ್ನು ತನ್ನ ಕಾರ್ಖಾನೆಯಲ್ಲಿ ತಯಾರಿಸಿ ಸಾಮ್ರಾಜ್ಯದ ಆಸ್ಪತ್ರೆಗಳಿಗೆ ದಾನವಾಗಿ ಕಳುಹಿಸತೊಡಗಿದನು. ನಿರ್ಣಾಯಕ ತಿರುವು ಬಂದದ್ದು 1952ರ ಆಗಸ್ಟಿನಲ್ಲಿ, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ. ಪೋಲಿಯೊದ ಮಹಾಪೂರದ ಎದುರು ಅಲ್ಲಿದ್ದದ್ದು ಒಂದು ಕಬ್ಬಿಣದ ಶ್ವಾಸಕೋಶ ಮತ್ತು ಎದೆಗೆ ಕಟ್ಟುವ ಆರು ಸಣ್ಣ ಸಾಧನಗಳು ಮಾತ್ರ. ಅರಿವಳಿಕೆ ವೈದ್ಯ ಬಿಯಾರ್ನ್ ಇಬ್ಸೆನ್, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ತಾವು ದಿನವೂ ಮಾಡುತ್ತಿದ್ದಂತೆ ಶ್ವಾಸನಾಳಕ್ಕೆ ಕೊಳವೆ ತೂರಿಸಿ ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಗಾಳಿಯನ್ನು ಒಳಕ್ಕೆ ತಳ್ಳುವ ವಿಧಾನವನ್ನು ಸೂಚಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲೂ ರಾತ್ರಿಯೂ ಚೀಲ ಹಿಸುಕಿ ರೋಗಿಗಳನ್ನು ಉಳಿಸಿದರು. ಸಾವಿನ ಪ್ರಮಾಣ ಅರ್ಧಕ್ಕೂ ಕಡಿಮೆಯಾಯಿತು, ಮತ್ತು ಇಂದಿನ ತೀವ್ರ ನಿಗಾ ಘಟಕ ಅಲ್ಲಿ ಹುಟ್ಟಿತು.

ಆ ವಿದ್ಯಾರ್ಥಿಗಳ ಕೈಗಳ ಜಾಗಕ್ಕೆ ವೆಂಟಿಲೇಟರ್ ಬಂದಾಗ ಉಸಿರಾಟದ ಸ್ವರೂಪವೇ ಬದಲಾಯಿತು. ಸಹಜ ಉಸಿರು ಒಳಗಿನಿಂದ ಎಳೆದುಕೊಂಡದ್ದು, ವೆಂಟಿಲೇಟರಿನ ಉಸಿರು ಹೊರಗಿನಿಂದ ಒತ್ತಿದ್ದು. ರೋಗಿಯು ಯಂತ್ರದ ಲಯಕ್ಕೆ ಎದುರಾಗಿ ಉಸಿರೆಳೆಯದಂತೆ ಮಂಪರಿನ ಔಷಧಗಳನ್ನೂ, ಅಗತ್ಯ ಬಿದ್ದಾಗ ಸ್ನಾಯುಗಳನ್ನು ಪೂರ್ತಿ ಸಡಿಲಗೊಳಿಸುವ ಔಷಧಗಳನ್ನೂ ಕೊಡುವುದು ರೂಢಿಯಾಯಿತು. ದಣಿದ ಸ್ನಾಯುವಿಗೆ ವಿಶ್ರಾಂತಿ ಒಳ್ಳೆಯದೆಂಬ ಭಾವನೆ ಸಹಜವಾಗಿಯೇ ಇತ್ತು. ಯಂತ್ರ ಕಳಚಿದ ಮೇಲೆ ರೋಗಿ ಉಸಿರಾಡಲು ಹೆಣಗಿದರೆ ಮೂಲ ರೋಗವನ್ನೋ ಹಾಳಾದ ಶ್ವಾಸಕೋಶವನ್ನೋ ದೂರುವುದು ಸುಲಭವಾಗಿತ್ತು, ಏಕೆಂದರೆ ವಪೆಯನ್ನು ಹಾಸಿಗೆಯ ಬಳಿ ನೋಡುವ ಸಾಧನವೇ ಇರಲಿಲ್ಲ. ಪೋಲಿಯೊ ರೋಗಿಯಲ್ಲಂತೂ ಸ್ನಾಯು ಮೊದಲೇ ಬಿದ್ದುಹೋಗಿತ್ತು, ಆದ್ದರಿಂದ ಯಂತ್ರದ ಪಾಲೆಷ್ಟು ರೋಗದ ಪಾಲೆಷ್ಟು ಎಂದು ಬೇರ್ಪಡಿಸುವುದು ಸಾಧ್ಯವೂ ಇರಲಿಲ್ಲ. ತಿಳಿವಳಿಕೆ ಅರ್ಧ ಶತಮಾನ ತಡವಾದದ್ದು ಹೀಗೆ.

ಪುಣೆಯಲ್ಲಿ ಈ ಯಂತ್ರವನ್ನು ಬರಮಾಡಿಕೊಳ್ಳುವ ನೆಲ ಮೊದಲೇ ಸಿದ್ಧವಾಗಿತ್ತು. ಬಗ್ದಾದಿನಿಂದ ಬಂದು ಮುಂಬಯಿಯಲ್ಲಿ ವ್ಯಾಪಾರ ಬೆಳೆಸಿದ ಡೇವಿಡ್ ಸಸೂನರ ದಾನದಿಂದ 1867ರಲ್ಲಿ ಸಸೂನ್ ಆಸ್ಪತ್ರೆಯೂ, ಅದಕ್ಕೆ ಹೊಂದಿಕೊಂಡು 1946ರಲ್ಲಿ ಬಿ.ಜೆ. ವೈದ್ಯಕೀಯ ಕಾಲೇಜೂ, 1948ರಲ್ಲಿ ಸೇನೆಯ ವೈದ್ಯಕೀಯ ಕಾಲೇಜೂ, 1959ರಲ್ಲಿ ರೂಬಿ ಹಾಲ್ ಚಿಕಿತ್ಸಾಲಯವೂ ಅಲ್ಲಿ ತಲೆಯೆತ್ತಿದ್ದವು. 1952ರಲ್ಲಿ, ಅಂದರೆ ಕೋಪನ್‌ಹೇಗನ್ನಿನ ಆ ವರ್ಷದಲ್ಲೇ, ಸ್ಥಾಪನೆಯಾದ ವೈರಸ್ ಸಂಶೋಧನಾ ಕೇಂದ್ರವು ಐದು ವರ್ಷಗಳ ಬಳಿಕ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿ ಕನ್ನಡಿಗರಿಗೆ ಪರಿಚಿತವಾಯಿತು. ಇಂದು ಅದು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ವೆಂಟಿಲೇಟರ್ ಈ ನಗರದ ದೊಡ್ಡ ಆಸ್ಪತ್ರೆಗಳ ನಿತ್ಯದ ಸಾಧನವಾಯಿತು.

ಯಂತ್ರವೇ ಸ್ನಾಯುವನ್ನು ಸೊರಗಿಸುತ್ತದೆಂಬ ಸಂಶಯಕ್ಕೆ ಮೊದಲ ಆಧಾರ ಸಿಕ್ಕಿದ್ದು ಶಿಶುಗಳ ಮರಣೋತ್ತರ ಪರೀಕ್ಷೆಯಲ್ಲಿ. 12 ದಿನಗಳಿಗೂ ಮೀರಿ ಯಂತ್ರದ ಉಸಿರಾಟದಲ್ಲಿದ್ದು ತೀರಿಕೊಂಡ ನವಜಾತ ಶಿಶುಗಳ ವಪೆಯ ಎಳೆಗಳು ಕ್ಷೀಣಿಸಿದ್ದವೆಂಬ ವರದಿ 1988ರಲ್ಲಿ ಪ್ರಕಟವಾಯಿತು. 1994ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಎರಡೇ ದಿನಗಳ ಯಂತ್ರದ ಉಸಿರಾಟಕ್ಕೆ ವಪೆಯ ಬಲ ಗಣನೀಯವಾಗಿ ಕುಗ್ಗಿತು. 1997ರಲ್ಲಿ 11 ದಿನ ಯಂತ್ರದಲ್ಲಿದ್ದ ಬಬೂನ್ ಕೋತಿಗಳಲ್ಲಿ ವಪೆ ಉಂಟುಮಾಡಬಲ್ಲ ಒತ್ತಡ ಸುಮಾರು ಕಾಲು ಭಾಗದಷ್ಟು ಇಳಿದಿತ್ತು. 2004ರಲ್ಲಿ ಥಿಯೊಡೊರೊಸ್ ವಾಸಿಲಾಕೊಪುಲೊಸ್ ಮತ್ತು ಬೇಸಿಲ್ ಪೆಟ್ರೋಫ್ ಈ ಸ್ಥಿತಿಗೆ ವೆಂಟಿಲೇಟರ್‌ಜನ್ಯ ವಪೆಯ ದೌರ್ಬಲ್ಯ ಎಂಬರ್ಥದ ಹೆಸರು ಕೊಟ್ಟರು. ಆದರೂ ಪ್ರಾಣಿಗಳಲ್ಲಿ ಕಂಡದ್ದು ಮನುಷ್ಯರಲ್ಲೂ ನಡೆಯುತ್ತದೆಯೆ ಎಂಬ ಪ್ರಶ್ನೆ ಉಳಿದೇ ಇತ್ತು.

ಉತ್ತರ 2008ರ ಮಾರ್ಚಿನಲ್ಲಿ ಬಂತು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸ್ಯಾನ್‌ಫರ್ಡ್ ಲಿವೈನ್ ಮತ್ತು ಸಂಗಡಿಗರು ಮಿದುಳು ನಿಷ್ಕ್ರಿಯಗೊಂಡು ಅಂಗದಾನಕ್ಕಾಗಿ 18ರಿಂದ 69 ಗಂಟೆಗಳ ಕಾಲ ಯಂತ್ರದ ಉಸಿರಾಟದಲ್ಲಿದ್ದ 14 ದಾನಿಗಳ ವಪೆಯ ತುಣುಕುಗಳನ್ನು, ಎರಡು ಮೂರು ಗಂಟೆ ಮಾತ್ರ ಯಂತ್ರದಲ್ಲಿದ್ದ 8 ಶಸ್ತ್ರಚಿಕಿತ್ಸಾ ರೋಗಿಗಳ ತುಣುಕುಗಳೊಂದಿಗೆ ಹೋಲಿಸಿದರು. ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿರುತ್ತವೆ; ದೀರ್ಘಕಾಲ ದಣಿಯದೆ ದುಡಿಯುವ ನಿಧಾನದ ಎಳೆಗಳು, ಕ್ಷಣದಲ್ಲಿ ಬಲ ತೋರುವ ವೇಗದ ಎಳೆಗಳು. ದಾನಿಗಳಲ್ಲಿ ನಿಧಾನದ ಎಳೆಗಳ ಅಡ್ಡಕೊಯ್ತದ ವಿಸ್ತೀರ್ಣ ಶೇ. 57ರಷ್ಟೂ ವೇಗದ ಎಳೆಗಳದು ಶೇ. 53ರಷ್ಟೂ ಕಡಿಮೆಯಿತ್ತು. ಮೂರು ದಿನ ತುಂಬುವ ಮೊದಲೇ ಅರ್ಧಕ್ಕರ್ಧ ಕರಗಿದ ಈ ಸ್ನಾಯುವಿನ ಸಮೀಪದಲ್ಲೇ ಇರುವ ಎದೆಯ ಮೇಲುಭಾಗದ ಸ್ನಾಯುವಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇಡೀ ದೇಹವೇ ಹಾಸಿಗೆ ಹಿಡಿದದ್ದರಿಂದ ವಪೆ ಸೊರಗಿತೆಂಬ ವಾದ ಇದರೆದುರು ನಿಲ್ಲಲಿಲ್ಲ. ಕೆಲಸ ನಿಂತ ವಪೆಯ ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳು ಹಾನಿಕರ ಆಮ್ಲಜನಕದ ಕಣಗಳನ್ನು ಹೆಚ್ಚಾಗಿ ಬಿಡುತ್ತವೆ, ಅವು ಪ್ರೋಟೀನನ್ನು ಒಡೆಯುವ ಕಿಣ್ವಗಳನ್ನು ಎಚ್ಚರಿಸುತ್ತವೆ, ಹೊಸ ಪ್ರೋಟೀನಿನ ತಯಾರಿಕೆಯೂ ಕುಂಠಿತವಾಗುತ್ತದೆ ಎಂಬುದು ಮುಂದಿನ ಸಂಶೋಧನೆಗಳ ಒಟ್ಟು ವಿವರಣೆ.

2018ರಲ್ಲಿ ಇನ್ನೊಂದು ಮುಖ ಬೆಳಕಿಗೆ ಬಂತು. ಉಸಿರು ಬಿಟ್ಟ ಮೇಲೆ ಶ್ವಾಸಕೋಶ ಪೂರ್ತಿ ಕುಸಿಯದಿರಲೆಂದು ವೆಂಟಿಲೇಟರ್ ಸ್ವಲ್ಪ ಒತ್ತಡವನ್ನು ಒಳಗೇ ಉಳಿಸುತ್ತದೆ, ಮತ್ತು ಆ ಒತ್ತಡ ವಪೆಯ ಗುಮ್ಮಟವನ್ನು ಸದಾ ಕೆಳಕ್ಕೆ ಒತ್ತಿ ಹಿಡಿದು ಅದರ ಎಳೆಗಳನ್ನು ಗಿಡ್ಡವಾಗಿರಿಸುತ್ತದೆ. ಹಾಗೆ ಗಿಡ್ಡವಾದ ಎಳೆ ತನ್ನ ಉದ್ದವನ್ನೇ ಕಳೆದುಕೊಳ್ಳುತ್ತದೆಂದೂ, ಯಂತ್ರ ಕಳಚಿ ಗುಮ್ಮಟ ಮೇಲೇರಿದಾಗ ಅಳತೆ ಮೀರಿ ಎಳೆಯಲ್ಪಟ್ಟು ಬಲಹೀನವಾಗುತ್ತದೆಂದೂ ಇಲಿಗಳ ಮೇಲಿನ ಅಧ್ಯಯನದ ಆಧಾರದಿಂದ ಸಂಶೋಧಕರು ವಾದಿಸಿದರು. ಉಡ್ಡಿಯಾನದಲ್ಲಿ ಪೂರ್ಣ ಚಾಚಿದ ವಪೆಯ ಚಿತ್ರವನ್ನು ಲೋಣಾವಳದವರು ತೆಗೆದಿದ್ದರೆ, ಯಂತ್ರದಡಿಯಲ್ಲಿ ಗಿಡ್ಡವಾಗಿ ನಿಂತ ವಪೆಯ ಚಿತ್ರ ದೊರೆಯಲು ಹೆಚ್ಚುಕಡಿಮೆ ಒಂದು ಶತಮಾನ ಬೇಕಾಯಿತು.

ಈ ನಡುವೆ ಪುಣೆಗೆ ಎರಡು ಸಾಂಕ್ರಾಮಿಕಗಳು ಬಂದು ಹೋದವು. 2009ರ ಆಗಸ್ಟಿನಲ್ಲಿ ಎಚ್1ಎನ್1 ಜ್ವರದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ಈ ನಗರದಲ್ಲೇ ದಾಖಲಾಯಿತು. 2020ರ ಮಾರ್ಚ್ 9ರಂದು ಮಹಾರಾಷ್ಟ್ರದ ಮೊದಲ ಕೊರೊನಾ ರೋಗಿಗಳು ಪುಣೆಯಲ್ಲೇ ಪತ್ತೆಯಾದರು. ವೆಂಟಿಲೇಟರ್ ಸಾಲದೆಂಬ ಆತಂಕ ದೇಶವನ್ನೆಲ್ಲ ಆವರಿಸಿದ್ದ ಆ ದಿನಗಳಲ್ಲಿ, ಸೌರಫಲಕಗಳನ್ನು ನೀರಿಲ್ಲದೆ ಒರೆಸುವ ರೋಬಾಟುಗಳನ್ನು ತಯಾರಿಸುತ್ತಿದ್ದ ನೊಕ್ಕಾ ರೋಬೊಟಿಕ್ಸ್ ಎಂಬ ಪುಣೆಯ ಸಣ್ಣ ಕಂಪನಿಯ ಯುವ ಎಂಜಿನಿಯರುಗಳು ಅಗ್ಗದ ವೆಂಟಿಲೇಟರನ್ನು ರೂಪಿಸಲು ಮುಂದಾದರು. ಇತ್ತ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸದ ಆಧಾರದ ಮೇಲೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 30,000 ಯಂತ್ರಗಳ ತಯಾರಿಕೆಯನ್ನು ಕೈಗೆತ್ತಿಕೊಂಡಿತು. ಆ ಸಾಹಸಗಳು ಗೌರವಕ್ಕೆ ಅರ್ಹವಾದವು. ಆದರೆ ಆಗಿನ ಸಾರ್ವಜನಿಕ ಚರ್ಚೆಯಲ್ಲಿ ಯಂತ್ರಗಳ ಎಣಿಕೆಗೆ ಸಿಕ್ಕ ಗಮನದ ಒಂದು ಪಾಲೂ, ಆ ಯಂತ್ರವನ್ನು ಯಾವ ಗಳಿಗೆಯಲ್ಲಿ ಎಷ್ಟು ತಗ್ಗಿಸಬೇಕೆಂದು ಬಲ್ಲ ದಾದಿಯರಿಗೂ ಫಿಸಿಯೊಥೆರಪಿ ತಜ್ಞರಿಗೂ ಸಿಗಲಿಲ್ಲ. ಕೊರೊನಾ ರೋಗಿಗಳ ಮರಣೋತ್ತರ ಪರೀಕ್ಷೆಯಲ್ಲಿ ವಪೆಯೊಳಗೆ ನಾರುಗಟ್ಟಿದ ಗುರುತುಗಳು ಕಂಡುಬಂದದ್ದು 2021ರ ವೇಳೆಗೆ.

2025ರ ಜನವರಿಯಲ್ಲಿ ಬಂದ ರೋಗ ಶ್ವಾಸಕೋಶದ್ದಾಗಿರಲಿಲ್ಲ. ಸಿಂಹಗಡ ರಸ್ತೆ, ನಾಂದೇಡ್ ಗ್ರಾಮ, ಕಿರ್ಕಟವಾಡಿ, ಧಾಯರಿ ಮುಂತಾದ, ನಗರಪಾಲಿಕೆಗೆ ಹೊಸದಾಗಿ ಸೇರಿದ ಪ್ರದೇಶಗಳಲ್ಲಿ ಜನರ ಕಾಲುಗಳು ಇದ್ದಕ್ಕಿದ್ದಂತೆ ಜೋಮುಹಿಡಿದು, ಆ ಬಲಹೀನತೆ ದಿನಗಳಲ್ಲೇ ಮೇಲಕ್ಕೇರತೊಡಗಿತು. ಅದು ಗಿಯಾಂ-ಬಾರೆ ಸಿಂಡ್ರೋಮ್, 1916ರಲ್ಲಿ ಫ್ರಾನ್ಸಿನ ಸೇನಾ ವೈದ್ಯರಾದ ಜಾರ್ಜ್ ಗಿಯಾಂ, ಜಾನ್ ಅಲೆಕ್ಸಾಂಡ್ರ್ ಬಾರೆ ಮತ್ತು ಆಂದ್ರೆ ಸ್ಟ್ರೋಲ್ ಇಬ್ಬರು ಸೈನಿಕರಲ್ಲಿ ಗುರುತಿಸಿ ವಿವರಿಸಿದ ರೋಗ. ಕಲುಷಿತ ನೀರು ಮತ್ತು ಆಹಾರದ ಮೂಲಕ ಕರುಳು ಸೇರುವ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯದ ಹೊರಕವಚವು ನರದ ಹೊದಿಕೆಯ ಕೆಲವು ಅಣುಗಳನ್ನು ಹೋಲುವುದರಿಂದ, ಬ್ಯಾಕ್ಟೀರಿಯದ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ದಾರಿತಪ್ಪಿ ತನ್ನದೇ ನರಗಳ ಮೇಲೆ ಬೀಳುತ್ತದೆ. ಪುಣೆಯ ವೈರಾಣು ಸಂಸ್ಥೆ ಪರೀಕ್ಷಿಸಿದ ಮಲದ ಮಾದರಿಗಳಲ್ಲಿ ಈ ಬ್ಯಾಕ್ಟೀರಿಯ ಸಿಕ್ಕಿತು, ಬಾವಿ ಮತ್ತು ಖಾಸಗಿ ನೀರಿನ ಮೂಲಗಳ ಮೇಲೆ ಗಮನ ಹರಿಯಿತು, ಕಮಲಾ ನೆಹರೂ ಆಸ್ಪತ್ರೆಯಲ್ಲಿ ನಗರಪಾಲಿಕೆ ಹಾಸಿಗೆಗಳನ್ನು ಮೀಸಲಿಟ್ಟಿತು. ಶಂಕಿತ ರೋಗಿಗಳ ಸಂಖ್ಯೆ 200ನ್ನು ದಾಟಿತು.

ಈ ರೋಗದಲ್ಲಿ ಐದರಲ್ಲಿ ಒಬ್ಬರಿಂದ ಮೂರರಲ್ಲಿ ಒಬ್ಬರವರೆಗೆ ಯಂತ್ರದ ಉಸಿರಾಟ ಬೇಕಾಗುತ್ತದೆ. ಶ್ವಾಸಕೋಶ ಚೆನ್ನಾಗಿಯೇ ಇರುತ್ತದೆ, ಅದನ್ನು ಹಿಗ್ಗಿಸುವ ಸ್ನಾಯುವಿಗೆ ಆಜ್ಞೆ ತಲುಪುವುದಿಲ್ಲ. ಹಾಸಿಗೆಯ ಬಳಿ ವೈದ್ಯರು ಮಾಡುವ ಒಂದು ಸರಳ ಪರೀಕ್ಷೆಯೆಂದರೆ, ರೋಗಿಯಿಂದ ಒಂದೇ ಉಸಿರಿನಲ್ಲಿ ಅಂಕಿಗಳನ್ನು ಗಟ್ಟಿಯಾಗಿ ಎಣಿಸಿ ಹೇಳಿಸುವುದು. ಮರಾಠಿಯಲ್ಲಾಗಲಿ ಕನ್ನಡದಲ್ಲಾಗಲಿ, ಆ ಎಣಿಕೆ ದಿನದಿಂದ ದಿನಕ್ಕೆ ಇಳಿಯುತ್ತ ಇಪ್ಪತ್ತರ ಒಳಗೆ ಬಂದರೆ ಯಂತ್ರ ಸಿದ್ಧವಿರಬೇಕು. ಇಂಥ ರೋಗಿಗೆ ವೆಂಟಿಲೇಟರ್ ಬೇಡವೆನ್ನುವಂತಿಲ್ಲ, ಅದಿಲ್ಲದಿದ್ದರೆ ಸಾವು. ಅದಿದ್ದರೆ, ನರ ಚೇತರಿಸಿಕೊಳ್ಳುವವರೆಗಿನ ವಾರಗಳಲ್ಲಿ ವಪೆ ಎರಡು ಕಡೆಯಿಂದ ಸೊರಗುತ್ತದೆ, ಆಜ್ಞೆಯೂ ಬಾರದೆ ಕೆಲಸವೂ ಇಲ್ಲದೆ. 1952ರಲ್ಲಿ ಪೋಲಿಯೊ ವೈದ್ಯರಿಗೆ ಬೇರ್ಪಡಿಸಲಾಗದೆ ಹೋದ ಎರಡು ಪಾಲುಗಳು ಪುಣೆಯಲ್ಲಿ ಮತ್ತೆ ಒಂದೇ ದೇಹದಲ್ಲಿ ಕೂಡಿದವು.

ವ್ಯತ್ಯಾಸವಿದ್ದದ್ದು ಕೈಯಲ್ಲಿದ್ದ ಉಪಾಯಗಳಲ್ಲಿ. ದಿನಕ್ಕೊಮ್ಮೆ ಮಂಪರಿನ ಔಷಧವನ್ನು ನಿಲ್ಲಿಸಿ ರೋಗಿಯನ್ನು ಎಚ್ಚರಿಸುವುದರಿಂದ ಯಂತ್ರದ ಅವಧಿ ಕಡಿಮೆಯಾಗುತ್ತದೆಂದು 2000ದಲ್ಲಿ ಷಿಕಾಗೊದ ಅಧ್ಯಯನವೂ, ಆ ಎಚ್ಚರಕ್ಕೆ ಸ್ವಂತ ಉಸಿರಾಟದ ದಿನನಿತ್ಯದ ಪ್ರಯತ್ನವನ್ನು ಜೋಡಿಸಿದರೆ ಇನ್ನೂ ಲಾಭವೆಂದು 2008ರ ಅಧ್ಯಯನವೂ ತೋರಿಸಿದ್ದವು. ಗಿಯಾಂ-ಬಾರೆಯಲ್ಲಿ ನರ ಮರಳುವವರೆಗೆ ಆ ಪ್ರಯತ್ನಕ್ಕೆ ಕಾಯಬೇಕಾಗುತ್ತದೆ, ಮರಳಿದ ಮೇಲೆ ವಿಳಂಬಿಸುವಂತಿಲ್ಲ. ಪಕ್ಕೆಲುಬುಗಳ ನಡುವೆ ಅಲ್ಟ್ರಾಸೌಂಡ್ ಕಡ್ಡಿಯನ್ನಿಟ್ಟು ವಪೆಯ ದಪ್ಪವನ್ನು ಅಳೆಯುವ ವಿಧಾನದಿಂದ ಟೊರಾಂಟೊದ ವೈದ್ಯರು 2015ರಲ್ಲಿ ಕಂಡಂತೆ, ಮೊದಲ ವಾರದಲ್ಲಿ ಶೇ. 44ರಷ್ಟು ರೋಗಿಗಳ ವಪೆ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ತೆಳುವಾಗಿತ್ತು, ಶೇ. 12ರಷ್ಟು ಜನರಲ್ಲಿ ಅಷ್ಟೇ ಪ್ರಮಾಣದಲ್ಲಿ ದಪ್ಪವಾಗಿತ್ತು. ಯಂತ್ರದ ನೆರವು ಅತಿಯಾದಾಗ ಸ್ನಾಯು ಕರಗುವಂತೆ, ನೆರವು ಸಾಲದೆ ಹೆಣಗಿದಾಗಲೂ ಅದಕ್ಕೆ ಪೆಟ್ಟು ಬೀಳಬಹುದು. ಆರೋಗ್ಯವಂತನು ವಿಶ್ರಾಂತಿಯಲ್ಲಿ ಉಸಿರಾಡುವಷ್ಟೇ ಶ್ರಮವನ್ನು ರೋಗಿಯ ವಪೆಗೆ ಉಳಿಸುವುದು ಈಗಿನ ಗುರಿ. ಯಂತ್ರ ಕಳಚಿದವರಿಗೆ ತಡೆಯುಳ್ಳ ಸಣ್ಣ ಸಾಧನದ ಮೂಲಕ ಉಸಿರೆಳೆಯುವ ಅಭ್ಯಾಸವನ್ನು, ತಡೆಯನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ಫಿಸಿಯೊಥೆರಪಿ ತಜ್ಞರು ಮಾಡಿಸುತ್ತಾರೆ.

2025ರ ಆ ತಿಂಗಳುಗಳಲ್ಲಿ ಆರೋಗ್ಯ ಇಲಾಖೆ ಹೊರಡಿಸುತ್ತಿದ್ದ ವರದಿಗಳು ಶಂಕಿತರ, ತೀವ್ರ ನಿಗಾದಲ್ಲಿರುವವರ, ವೆಂಟಿಲೇಟರಿನಲ್ಲಿರುವವರ, ಬಿಡುಗಡೆಯಾದವರ ಮತ್ತು ತೀರಿಕೊಂಡವರ ಸಂಖ್ಯೆಗಳನ್ನು ಕೊಡುತ್ತಿದ್ದವು. ಬಿಡುಗಡೆಯಾದವರಲ್ಲಿ ಯಂತ್ರದಿಂದ ಬಿಡಿಸಿಕೊಂಡು ಬಂದವರ ವಪೆ ಮನೆಯ ಮೆಟ್ಟಿಲನ್ನು ಹತ್ತುವಷ್ಟು ಬಲವನ್ನು ಮರಳಿ ಪಡೆಯಲು ತಿಂಗಳುಗಳ ಅಭ್ಯಾಸ ಬೇಕಾಗಬಹುದು, ಆ ಅಭ್ಯಾಸಕ್ಕೆ ಆಸ್ಪತ್ರೆಯ ಹಾಸಿಗೆಯಷ್ಟೇ ಖಚಿತವಾದ ಏರ್ಪಾಡೂ ಹಣದ ನೆರವೂ ಬೇಕು, ಮತ್ತು ಅದು ಧಾಯರಿ, ಕಿರ್ಕಟವಾಡಿಗಳ ಮನೆಗಳ ಸಮೀಪದಲ್ಲೇ ಸಿಗಬೇಕು.